ಈಡಿನಿಂದ ಗುರಿಗೆ: ಕುಂದಾಪುರ ಸೀಮೆಯ ಕೋವಿ ಮತ್ತು ಏರ್‌ಗನ್

ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯು ತ್ರಾಸಿಯನ್ನು ದಾಟಿ ಮರವಂತೆಯನ್ನು ಮುಟ್ಟುವಲ್ಲಿ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರವೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆಯೂ ಇರುವುದರಿಂದ ಹೊರಗಿನವರ ಕಣ್ಣಿಗೆ ಈ ಸೀಮೆ ಕೇವಲ ನೀರಿನ, ಮೀನಿನ, ಮಳಲಿನ ಸೀಮೆಯಾಗಿ ಕಾಣುವುದುಂಟು. ಹೊಳೆಯಿಂದ ಮೂಡಲಿಗೆ ಸರಿದರೆ ಬತ್ತದ ಬಯಲು, ಬಯಲಿನ ಮೇಲೆ ಮುರಕಲ್ಲಿನ ಹಕ್ಕಲು, ಹಕ್ಕಲಿನ ಆಚೆ ತೆಂಗು–ಅಡಕೆಯ ತೋಟ, ಅದಕ್ಕೂ ಆಚೆ ಕೊಲ್ಲೂರಿನ ಘಟ್ಟದ ಕಾಡು ಹೀಗೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುತ್ತದೆ. ಈ ಮೆಟ್ಟಿಲುಗಳಲ್ಲಿ ಮೇಲಿನಿಂದ ಕೆಳಕ್ಕೆ ಕಾಡುಹಂದಿ, ಮಂಗ, ನವಿಲು, ಗಿಳಿಗಳು ಇಳಿದುಬರುತ್ತಿದ್ದವು; ಕೆಳಗಿನಿಂದ ಮೇಲಕ್ಕೆ ಬೇಸಾಯವೂ ಬೇಟೆಯೂ ಏರಿಹೋಗುತ್ತಿದ್ದವು. ಕುಂದಾಪುರ ಸೀಮೆಯ ಕೋವಿಯ ಚರಿತ್ರೆ ಬಹುಮಟ್ಟಿಗೆ ಇವೆರಡೂ ಸಂಧಿಸಿದ ಅಂಚಿನ ಚರಿತ್ರೆಯಾಗಿದೆ. ಗುರಿ ತಪ್ಪದ ಬಂದೂಕು ಎಂಬ ಕಲ್ಪನೆ ಈ ಅಂಚಿಗೆ ಬಹಳ ತಡವಾಗಿ, ಅದೂ ಏರ್‌ಗನ್ ಎಂಬ ಮದ್ದಿಲ್ಲದ ಆಯುಧದ ಮೂಲಕ ಬಂದಿತೆಂಬುದು ಆ ಚರಿತ್ರೆಯ ವಿಶೇಷ.

ಮದ್ದಿನ ಆಯುಧ ಈ ಕರಾವಳಿಯಲ್ಲಿ ಮೊದಲು ಬೇರೂರಿದ್ದು ಕೋಟೆ ಮತ್ತು ಹಡಗಿನ ಆಶ್ರಯದಲ್ಲಿ. ಬಸರೂರಿನ ಅಕ್ಕಿ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದ ಪೋರ್ಚುಗೀಸರು ಹದಿನೇಳನೆಯ ಶತಮಾನದ ಮೊದಲರ್ಧದಲ್ಲಿ ಬಸರೂರು ಮತ್ತು ಗಂಗೊಳ್ಳಿಗಳಲ್ಲಿ ಕೋಟೆ ಹಿಡಿದು ಕುಳಿತಿದ್ದರು; 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಅಲ್ಲಿಂದ ಹೊರಡಿಸಿದನು; 1763ರಲ್ಲಿ ಬಿದನೂರಿನೊಡನೆ ಈ ನಾಡು ಹೈದರಾಲಿಯ ಕೈಸೇರಿತು; 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿ ಸರಕಾರದ್ದಾಯಿತು. ಈ ಕಾಲದ ಸಿಪಾಯಿಗಳ ಕೈಯಲ್ಲಿದ್ದ ಬತ್ತಿಯ ಕೋವಿ, ಅಂದರೆ ಉರಿಯುವ ಹುರಿಯ ತುದಿಯನ್ನು ಬಟ್ಟಲಿನ ಮದ್ದಿಗೆ ತಾಗಿಸಿ ಹಾರಿಸುವ ಬಂದೂಕು, ಆಷಾಢದ ಮಳೆಯಲ್ಲಿ ಹಂದಿ ಕಾಯುವ ರೈತನಿಗೆ ಯಾವ ಉಪಯೋಗಕ್ಕೂ ಬರುವಂಥದ್ದಲ್ಲ. ಹುರಿ ನೆನೆಯುತ್ತದೆ, ಮದ್ದು ತಣ್ಣಗಾಗುತ್ತದೆ, ಉರಿಯುವ ಬತ್ತಿಯ ವಾಸನೆ ಹಂದಿಯ ಮೂಗಿಗೆ ಬಹುದೂರದಿಂದಲೇ ಬಡಿಯುತ್ತದೆ. ಆದುದರಿಂದ ಬಯಲಿನ ಕಾವಲು ಬಹುಕಾಲ ಅಟ್ಟಣೆ, ಕವಣೆ, ತಮಟೆ, ಬೆರ್ಚಪ್ಪ ಮತ್ತು ಇಡೀ ರಾತ್ರಿ ಕೂಗುವ ಗಂಟಲುಗಳನ್ನೇ ನಂಬಿಕೊಂಡಿತ್ತು.

ರೈತನ ಮನೆಗೆ ಕೋವಿ ಬರಲು ಸಾಧ್ಯವಾದದ್ದು ಕೇಪಿನ ಕೋವಿಯಿಂದ. ಕೇಪು ಎಂದರೆ ತಾಡನಕ್ಕೆ ಸಿಡಿಯುವ ರಾಸಾಯನಿಕವನ್ನು ತಳದಲ್ಲಿ ತುಂಬಿದ ತಾಮ್ರದ ಸಣ್ಣ ಟೊಪ್ಪಿ. ಇದನ್ನು ನಳಿಗೆಯ ಬುಡದ ಮೊಲೆತೊಟ್ಟಿನಂಥ ಕೊಳವೆಗೆ ತೊಡಿಸಿದರೆ ಮೇಲಿನ ಸುತ್ತಿಗೆ ಬಡಿದ ಕೂಡಲೇ ಕಿಡಿ ಒಳಗಿನ ಮದ್ದಿಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದ ಈ ಉಪಾಯ ಮಳೆಯ ನಾಡಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಕೋವಿ ಅಗ್ಗವಾಗುತ್ತ ಬಂದ ಕಾಲವೇ ಸರಕಾರ ಕೋವಿಗೆ ಅಂಜಲು ತೊಡಗಿದ ಕಾಲವೂ ಆಗಿತ್ತು. 1857ರ ದಂಗೆಯ ನಂತರ, 1860ರಲ್ಲಿ, ಮತ್ತೆ 1878ರಲ್ಲಿ ಇನ್ನೂ ಬಿಗಿಯಾಗಿ, ಆಯುಧ ಕಾಯಿದೆಗಳು ಬಂದು, ಬಂದೂಕು ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕೆಂಬುದು ಊರೂರಿಗೆ ಮುಟ್ಟಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದೊಡನೆ ಮದರಾಸು ಪ್ರಾಂತದಲ್ಲೇ ಉಳಿದು ಅದರ ಬಡಗಣ ಗಡಿಯಾಯಿತು; ಹೀಗಾಗಿ ಬೈಂದೂರಿನ ಆಚೆಯ ಕಾಡಿಗೆ ಒಂದು ಪ್ರಾಂತದ ನಿಯಮ, ಈಚೆಯ ಕಾಡಿಗೆ ಇನ್ನೊಂದು ಪ್ರಾಂತದ ನಿಯಮ ಎಂಬ ಸ್ಥಿತಿ ಒಂದು ಶತಮಾನದ ಹತ್ತಿರ ನಡೆಯಿತು. ಹಂದಿಗಳಿಗೆ ಈ ಗಡಿ ತಿಳಿದಿರಲಿಲ್ಲ.

ಘಟ್ಟದ ಸಾಲಿನಲ್ಲೇ ತೆಂಕಣಕ್ಕಿರುವ ಕೊಡಗಿನ ಸ್ಥಿತಿ ಇದಕ್ಕೆ ನೇರ ವಿರುದ್ಧವಾಗಿತ್ತು. ಅಲ್ಲಿನ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ 1861ರಿಂದ ದೊರೆತ ವಿನಾಯಿತಿ ಇಂದಿಗೂ ಉಳಿದುಬಂದಿದ್ದು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿ ಅಲ್ಲಿ ಮನೆಯ ಮಗುವಿನ ಹುಟ್ಟಿಗೂ ಹಿರಿಯರ ಸಾವಿಗೂ ಸದ್ದು ಮಾಡುವ ವಸ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ನಡೆಯುತ್ತದೆ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ನಡೆಯುತ್ತದೆ. ಗುರಿಯನ್ನೇ ಆಟವನ್ನಾಗಿಸಿಕೊಂಡ ಇಂಥ ಸಂಪ್ರದಾಯ ಕುಂದಾಪುರ ಸೀಮೆಯಲ್ಲಿ ಬೆಳೆಯಲಿಲ್ಲ. ಇಲ್ಲಿ ಕೋವಿಯಿದ್ದದ್ದು ಹೆಚ್ಚಾಗಿ ಧಣಿಗಳ, ಪಟೇಲರ, ದೊಡ್ಡ ವರ್ಗದಾರರ ಮನೆಗಳಲ್ಲಿ. ಮದ್ದು ಮತ್ತು ಕೇಪು ಲೆಕ್ಕದ ವಸ್ತುಗಳಾಗಿದ್ದುದರಿಂದ, ಬರಿಯ ಅಭ್ಯಾಸಕ್ಕೆಂದು ಒಂದು ಈಡು ಹಾರಿಸುವುದು ದುಂದುಗಾರಿಕೆ ಎನಿಸಿಕೊಳ್ಳುತ್ತಿತ್ತು.

ಈಡು ಎಂಬ ಮಾತಿನಲ್ಲಿ ಅಡಗಿದ್ದ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಕೋವಿಗೆ ಗುರಿ ಯಾಕೆ ದೊಡ್ಡ ಮಾತಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಬಾಯಿಯಿಂದ ಅಳತೆಯ ಕರಿಮದ್ದನ್ನು ಸುರಿದು, ಅದರ ಮೇಲೆ ತೆಂಗಿನ ನಾರಿನ ಅಥವಾ ಹಳೆಬಟ್ಟೆಯ ಉಂಡೆಯನ್ನಿಟ್ಟು, ಗಜ ಎಂದು ಕರೆಯುವ ಉದ್ದನೆಯ ಕೋಲಿನಿಂದ ಅದು ಪುಟಿದು ಬರುವವರೆಗೆ ಜಡಿಯಬೇಕು. ಬಳಿಕ ಸೀಸದ ಚರೆಗಳನ್ನು, ಹಂದಿಗಾದರೆ ದಪ್ಪನೆಯವು ಹಕ್ಕಿಗಾದರೆ ರಾಗಿಕಾಳಿನಂಥವು, ಹಾಕಿ, ಉರುಳಿ ಹೊರಬೀಳದಂತೆ ಮತ್ತೊಂದು ಉಂಡೆಯಿಂದ ಒತ್ತಿ, ಕಟ್ಟಕಡೆಗೆ ಕೇಪು ತೊಡಿಸಬೇಕು. ಮದ್ದು ಒಂದು ಚಿಟಿಕೆ ಹೆಚ್ಚಾದರೆ ಹೆಗಲು ನೋಯುತ್ತದೆ, ಮೇಲಿನ ಉಂಡೆ ಸಡಿಲವಾದರೆ ಚರೆ ಚದುರುತ್ತದೆ, ಕೆಳಗಿನದು ಸಡಿಲವಾದರೆ ಹೊಗೆ ಮಾತ್ರ ಬರುತ್ತದೆ. ಒಂದು ಈಡಿನಂತೆ ಇನ್ನೊಂದು ಈಡು ಇರುತ್ತಿರಲಿಲ್ಲ. ನಳಿಗೆಯ ಒಳಮೈ ನುಣುಪಾಗಿದ್ದು, ಹೊರಟ ಚರೆಗಳು ಮೂವತ್ತು–ನಲವತ್ತು ಗಜದೊಳಗೆ ಅಗಲವಾಗಿ ಹರಡಿಕೊಳ್ಳುತ್ತಿದ್ದುದರಿಂದ, ಹೊಡೆಯುವವನ ಕಣ್ಣಿನ ತಪ್ಪನ್ನು ಆ ಹರಹೇ ಮುಚ್ಚುತ್ತಿತ್ತು. ಮೇಲಾಗಿ ಉಪ್ಪುಗಾಳಿಯ ಈ ಊರುಗಳಲ್ಲಿ ಕರಿಮದ್ದಿನ ಮಸಿ ತೇವವನ್ನು ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಸುವುದರಿಂದ, ಬಿಸಿನೀರಿನಲ್ಲಿ ನಳಿಗೆ ತೊಳೆದು ಎಣ್ಣೆ ಸವರುವಷ್ಟರಲ್ಲಿ ಬೆಳಗಾಗುತ್ತಿತ್ತು.

ಕೋವಿಯ ಈ ಗಿಡ್ಡ ನಿಲುಕು ನೆಲದ ಹಿಡುವಳಿಯ ಪದ್ಧತಿಯೊಡನೆ ಕುತೂಹಲಕರವಾಗಿ ಹೆಣೆದುಕೊಂಡಿದೆ. ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ, ಅಂದರೆ ತೀರ್ವೆಯುಳ್ಳ ಪಟ್ಟಾಭೂಮಿಯ, ಎಲ್ಲೆಯಿಂದ 100 ಗಜದವರೆಗಿನ ಸರಕಾರಿ ನೆಲದಲ್ಲಿ ಸೊಪ್ಪು, ಕಟ್ಟಿಗೆ, ಮೇವುಗಳನ್ನು ಪಡೆಯುವ ಹಕ್ಕು ರೈತನಿಗಿತ್ತು; ಇದಕ್ಕೆ ಕುಮ್ಕಿ ಎಂದು ಹೆಸರು. ಗದ್ದೆಗೆ ಗೊಬ್ಬರವಾಗುವ ಸೊಪ್ಪನ್ನು ಕೊಡುತ್ತಿದ್ದ ಈ ಪಟ್ಟಿಯೇ ಹಗಲು ಹಂದಿಗಳು ಮಲಗುವ ಪೊದೆಯೂ ಆಗಿತ್ತು. ನೂರು ಗಜದ ಪೊದೆಯ ಅರ್ಧಕ್ಕೂ ಮುಟ್ಟದ ಕೋವಿಯಿಂದ ಕಾವಲುಗಾರ ಮಾಡಬಹುದಾದದ್ದು ಎರಡೇ: ಹಂದಿ ಗದ್ದೆಯಂಚಿಗೆ ಬರುವವರೆಗೆ ಕಾದು ಕೂರುವುದು, ಇಲ್ಲವೇ ಜನ ಸೇರಿಸಿ ಸೋವುವುದು. ಸೋವು ಬೇಟೆಯಲ್ಲಿ ಒಂದು ಕಡೆಯಿಂದ ಕೂಗುತ್ತ ಪೊದೆ ಬಡಿಯುವವರೂ ನಾಯಿಗಳೂ ಪ್ರಾಣಿಯನ್ನು ಎಬ್ಬಿಸಿ ಕೋವಿಯವರು ನಿಂತ ಕಂಡಿಯ ಕಡೆಗೆ ಅಟ್ಟುತ್ತಿದ್ದರು. ಬಿದ್ದ ಬೇಟೆಯಲ್ಲಿ ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಸೋವಿದವರಿಗೆಲ್ಲ ಪಾಲು ಎಂಬ ಕಟ್ಟಳೆ ಕರಾವಳಿ–ಮಲೆನಾಡುಗಳೆರಡರಲ್ಲೂ ಇತ್ತು. ತೆಂಕಣ ತುಳು ಸೀಮೆಯಲ್ಲಿ ಫೆಬ್ರವರಿಯ ಹೊತ್ತಿಗೆ ಬರುವ ಕೆಡ್ಡಸದಂದು ಊರವರು ಸೇರಿ ಬೇಟೆಗೆ ಹೋಗುವುದು ಆಚರಣೆಯ ಭಾಗವೇ ಆಗಿತ್ತು. ಈ ಲೋಕದ ಒಳಗಿನಿಂದ ಬರೆದವರಲ್ಲಿ ಕೆದಂಬಾಡಿ ಜತ್ತಪ್ಪ ರೈ ಮುಖ್ಯರು. ‘ಬೇಟೆಯ ನೆನಪುಗಳು’, ‘ಈಡೊಂದು ಹುಲಿಯೆರಡು’ ಎಂಬ ಅವರ ಪುಸ್ತಕಗಳು ದಕ್ಷಿಣ ಕನ್ನಡದ ಕೋವಿಯ ಕಾಲವನ್ನು ದಾಖಲಿಸಿದ ಅಪರೂಪದ ಕನ್ನಡ ಕೃತಿಗಳು. ಕೆರಾಡಿಯ ರಿಷಬ್ ಶೆಟ್ಟಿ 2022ರಲ್ಲಿ ತೆಗೆದ ‘ಕಾಂತಾರ’ದ ಹಂದಿಬೇಟೆಯ ದೃಶ್ಯಗಳನ್ನು ಕಂಡ ಹೊಸ ತಲೆಮಾರು ಈ ಕಾಲವನ್ನು ಕೇವಲ ಸಾಹಸವೆಂದು ಎಣಿಸುವ ಅಪಾಯವಿದೆ, ಅದರ ಹೆಚ್ಚಿನ ಪಾಲು ನಿದ್ದೆಗೆಟ್ಟ ಕಾವಲಾಗಿತ್ತು.

ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆ ಬಂದು, 1878ರದ್ದನ್ನು ತೆಗೆದುಹಾಕಿತು. ಅದರ 13ನೆಯ ಕಲಮಿನ ಒಂದು ಉಪವಿಭಾಗ ಈ ಸೀಮೆಯ ಚರಿತ್ರೆಗೆ ಬಹಳ ಮುಖ್ಯವಾದದ್ದು. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೂ ಲೈಸೆನ್ಸ್ ಕೊಡತಕ್ಕದ್ದೆಂದು ಅಲ್ಲಿ ಹೇಳಿದೆ. ಅದರ ಬೆನ್ನಿಗೇ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕಾಗಿ .22 ರೈಫಲ್ ಅಥವಾ ಏರ್ ರೈಫಲ್‌ಗೆ ಲೈಸೆನ್ಸ್ ಕೊಡತಕ್ಕದ್ದೆಂದೂ ಹೇಳಿದೆ. ಗದ್ದೆಯ ಕೋವಿ ಮತ್ತು ಕ್ಲಬ್ಬಿನ ಕೋವಿ ಹೀಗೆ ಒಂದೇ ಉಪವಿಭಾಗದಲ್ಲಿ ಅಕ್ಕಪಕ್ಕ ಕುಳಿತವು. ಒಂದಕ್ಕೆ ಗುರಿಯ ಹಂಗಿಲ್ಲ, ಇನ್ನೊಂದಕ್ಕೆ ಗುರಿಯಲ್ಲದೆ ಬೇರೆ ಕೆಲಸವಿಲ್ಲ. ಕಾಯಿದೆ ಬರೆದವರ ಮನಸ್ಸಿನಲ್ಲಿ ಈ ಎರಡರ ನಡುವೆ ಮೂರನೆಯದೊಂದು ಇದ್ದಂತೆ ತೋರುವುದಿಲ್ಲ. ಬಲ ಒಂದು ಮಿತಿಯೊಳಗಿದ್ದುದರಿಂದ ಲೈಸೆನ್ಸಿನ ಗೊಡವೆಯೇ ಇಲ್ಲದೆ ಪೇಟೆಯ ಅಂಗಡಿಯಲ್ಲಿ ಸಿಗುತ್ತಿದ್ದ ಸಾಮಾನ್ಯ ಏರ್‌ಗನ್ ಆ ನಡುವಿನ ಜಾಗವನ್ನು ತುಂಬಿತು. ಅದು ಕ್ಲಬ್ಬಿಗೂ ಹೋಗದೆ, ಹಂದಿಯನ್ನೂ ಕೊಲ್ಲಲಾರದೆ, ತೋಟದ ಹಕ್ಕಿಗಳತ್ತ ಬಾಯಿ ತಿರುಗಿಸಿತು.

ಗಾಳಿಯ ಬಲದಿಂದ ಗುಂಡು ಹಾರಿಸುವ ಆಯುಧ ಮದ್ದಿನ ಆಯುಧದ ಬಡ ತಮ್ಮನೆಂದು ತಿಳಿಯುವುದು ರೂಢಿಯಾದರೂ ಅದರ ಚರಿತ್ರೆ ಹಾಗೆ ಹೇಳುವುದಿಲ್ಲ. ಆಸ್ಟ್ರಿಯದ ಸೈನ್ಯ 1780ರಷ್ಟು ಹಿಂದೆಯೇ ಗಿರಾರ್ಡೋನಿ ಎಂಬ ಟಿರೋಲ್ ಪ್ರಾಂತದ ಕುಶಲಕರ್ಮಿ ರೂಪಿಸಿದ ಗಾಳಿ ರೈಫಲನ್ನು ಬಳಕೆಗೆ ತೆಗೆದುಕೊಂಡಿತ್ತು. ಅದರ ಹಿಡಿಯೇ ಗಾಳಿ ತುಂಬಿದ ಕಬ್ಬಿಣದ ಬುರುಡೆಯಾಗಿದ್ದು, ಒಂದರ ಹಿಂದೊಂದರಂತೆ ಇಪ್ಪತ್ತರಷ್ಟು ಗುಂಡುಗಳನ್ನು ಹೊಗೆಯಿಲ್ಲದೆ ಹಾರಿಸಬಹುದಾಗಿತ್ತು. ಅಮೆರಿಕದ ಪಡುವಣವನ್ನು ಕಾಣಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡವೂ 1803ರಿಂದ 1806ರವರೆಗಿನ ತಮ್ಮ ಪಯಣದಲ್ಲಿ ಒಂದು ಗಾಳಿ ರೈಫಲನ್ನು ಒಯ್ದಿತ್ತು. ಇಂಥ ಬುರುಡೆಗಳಿಗೆ ಗಾಳಿ ತುಂಬುವುದು ಬಲು ಶ್ರಮದ, ಅಪಾಯದ ಕೆಲಸವಾದುದರಿಂದ ಅವು ಹಿಂದೆ ಬಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಡಯಾನಾದಂಥ ಕಾರ್ಖಾನೆಗಳೂ, ಇಪ್ಪತ್ತನೆಯದರ ಆರಂಭದಲ್ಲಿ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯೂ ಸ್ಪ್ರಿಂಗಿನ ಏರ್‌ಗನ್‌ಗಳನ್ನು ಸಾವಿರಗಟ್ಟಲೆ ಮಾಡಲು ತೊಡಗಿದಾಗ ಗಾಳಿಯ ಆಯುಧ ಸಾಮಾನ್ಯರ ಕೈಗೆ ಬಂದಿತು. ಭಾರತದಲ್ಲಿಯೂ ಇಂಥವು ತಯಾರಾದವು. ಸಿಮೆಂಟಿನ ಕೊಳವೆಗಳಿಗೆ ಹೆಸರಾದ ಇಂಡಿಯನ್ ಹ್ಯೂಮ್ ಪೈಪ್ ಕಂಪನಿ ಏರ್ ರೈಫಲ್‌ಗಳನ್ನೂ ಮಾಡುತ್ತಿತ್ತೆಂಬುದು ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು.

ಸ್ಪ್ರಿಂಗಿನ ಏರ್‌ಗನ್ನಿನ ಒಳಗೆ ಗಾಳಿ ಮೊದಲೇ ತುಂಬಿರುವುದಿಲ್ಲ. ನಳಿಗೆಯನ್ನು ಬುಡದಲ್ಲಿ ಮುರಿದಂತೆ ಕೆಳಕ್ಕೆ ಬಗ್ಗಿಸಿದಾಗ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿದು ಸ್ಪ್ರಿಂಗು ಬಿಗಿಯಾಗುತ್ತದೆ. ಬಾಯಿಬಿಟ್ಟ ನಳಿಗೆಯ ಬುಡಕ್ಕೆ ಸೊಂಟ ಸಣ್ಣಗಾದ ಸೀಸದ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ, ನಳಿಗೆಯನ್ನು ಮತ್ತೆ ಮೇಲಕ್ಕೆ ಮುಚ್ಚಿ ಕುದುರೆ ಎಳೆದರೆ, ಪಿಸ್ಟನ್ ಮುಂದಕ್ಕೆ ನುಗ್ಗಿ ತನ್ನ ಮುಂದಿನ ಗಾಳಿಯನ್ನು ಕ್ಷಣಾರ್ಧದಲ್ಲಿ ಹಿಂಡುತ್ತದೆ. ಆ ಗಾಳಿ ಗುಂಡಿನ ಹಿಂಭಾಗದ ತೆಳು ಲಂಗವನ್ನು ಅಗಲಿಸಿ ನಳಿಗೆಯ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಸುತ್ತದೆ. ಗೀರುಗಳು ಗುಂಡಿಗೆ ತಿರುಗಣೆ ಕೊಡುತ್ತವೆ. ತಿರುಗುವ ಗುಂಡು ತೂರಾಡದೆ ನೆಟ್ಟಗೆ ಹೋಗುತ್ತದೆ. ಈ ಗೀರುಗಳಿರುವುದರಿಂದಲೇ ಅದು ರೈಫಲ್. ಕೇಪಿನ ಕೋವಿಯಲ್ಲಿ ಹೊಡೆಯುವವನು ತಾನೇ ಅಳೆದು ಹಾಕುತ್ತಿದ್ದ ಮದ್ದಿನ ಜಾಗಕ್ಕೆ ಇಲ್ಲಿ ಪ್ರತಿ ಬಾರಿಯೂ ಒಂದೇ ಬಲದ ಸ್ಪ್ರಿಂಗು ಬಂದಿತು. ಒಂದು ಹಿಡಿ ಚರೆಯ ಜಾಗಕ್ಕೆ ಒಂಟಿ ಗುಂಡು ಬಂದಿತು. ಹರಹಿನ ಮರೆ ಹೋಗಿ, ತಪ್ಪಿದರೆ ತಪ್ಪಿದ್ದು ಕಣ್ಣೆದುರಿಗೆ ಕಾಣುವ ಕಾಲ ಬಂದಿತು. ಅಭ್ಯಾಸವೂ ಅಗ್ಗವಾಯಿತು.

ಆದರೂ ಸ್ಪ್ರಿಂಗಿನ ಬಂದೂಕಿಗೆ ತನ್ನದೇ ಒಂದು ಚೇಷ್ಟೆಯಿದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಬಂದೂಕು ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಗಾಳಿಯ ಮೆತ್ತೆಗೆ ಬಡಿದು ನಿಲ್ಲುವಾಗ ಬಂದೂಕು ಮುಂದಕ್ಕೆ ಜಿಗಿಯುತ್ತದೆ, ಇವೆರಡೂ ಗುಂಡು ನಳಿಗೆಯನ್ನು ಬಿಡುವುದರೊಳಗೆ ನಡೆದುಹೋಗುತ್ತವೆ. ಹೀಗಾಗಿ ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ; ಪ್ರತಿ ಸಲವೂ ಒಂದೇ ರೀತಿಯಲ್ಲಿ, ಹಗುರವಾಗಿ, ಮರದ ಹಿಡಿಯನ್ನು ಅಂಗೈ ಮೇಲೆ ಕೂರಿಸಿದಂತೆ ಹಿಡಿಯುವವನಿಗೇ ಅದು ಒಲಿಯುತ್ತದೆ. ಕೇಪಿನ ಕೋವಿಯನ್ನು ಹೆಗಲಿಗೆ ಅದುಮಿ ಹಿಡಿದು ಬೆಳೆದ ಕೈಗಳಿಗೆ ಇದು ತಲೆಕೆಳಗಾದ ವಿದ್ಯೆಯೆಂದೇ ಹೇಳಬೇಕು. ಬಲದ ಮೋಹವೂ ಇದರಿಂದಲೇ ಹಾಳು: ಸ್ಪ್ರಿಂಗು ಗಡುಸಾದಷ್ಟೂ ಜಿಗಿತ ಹೆಚ್ಚು, ಜಿಗಿತ ಹೆಚ್ಚಿದಷ್ಟೂ ಗುಂಡುಗಳು ಚದುರುತ್ತವೆ. ವೇಗದ ಅಂಕಿಯನ್ನು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಬಂದೂಕನ್ನು ಕೊಂಡವರು ಬಹುತೇಕ ನಿರಾಶರಾಗುವುದು ಈ ಕಾರಣಕ್ಕೆ.

ಆದುದರಿಂದ ಒಂದು ಏರ್ ರೈಫಲ್ ಎಷ್ಟು ನಿಖರವೆಂದು ತಿಳಿಯಲು ಬಲ್ಲವರು ಅನುಸರಿಸುವ ಕ್ರಮ ಕಾಗದದ ಮೇಲಿನದು. ಬಂದೂಕನ್ನು ಮರಳು ಚೀಲದಂಥ ಮೆತ್ತನೆಯ ಆಸರೆಯ ಮೇಲಿಟ್ಟು, ಒಂದೇ ಚುಕ್ಕೆಗೆ ಐದೋ ಹತ್ತೋ ಗುಂಡು ಹಾರಿಸಿ, ಬಿದ್ದ ತೂತುಗಳಲ್ಲಿ ಅತ್ಯಂತ ದೂರದ ಎರಡರ ನಡುವಿನ ಅಂತರವನ್ನು ಅಳೆಯುತ್ತಾರೆ. ಇದನ್ನು ಗುಂಪು ಎನ್ನುತ್ತಾರೆ. ಗುಂಪು ಚುಕ್ಕೆಯಿಂದ ಪಕ್ಕಕ್ಕೆ ಬಿದ್ದಿದ್ದರೆ ಚಿಂತೆಯಿಲ್ಲ, ಗುರಿಪಟ್ಟಿಯ ತಿರುಪನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ಗುಂಪೇ ಚದುರಿದ್ದರೆ ತಪ್ಪು ನಳಿಗೆಯದೋ, ಅದರ ಬುಡದ ಕೀಲಿನದೋ, ಕುದುರೆಯ ಒರಟುತನದ್ದೋ, ಗುಂಡಿನದೋ ಆಗಿರುತ್ತದೆ. ಈ ನಾಲ್ಕರಲ್ಲಿ ಹೊಸಬರು ಕೊನೆಗೆ ಯೋಚಿಸುವುದು ಗುಂಡಿನ ಬಗ್ಗೆ, ಹಳಬರು ಮೊದಲು ಯೋಚಿಸುವುದೂ ಅದರ ಬಗ್ಗೆಯೇ. 4.5 ಮಿಲಿಮೀಟರ್ ಎಂದು ಡಬ್ಬಿಯ ಮೇಲಿದ್ದರೂ ಗುಂಡಿನ ತಲೆಯ ಅಳತೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಆಚೀಚೆಯಾಗಿ ಬರುತ್ತದೆ. ಒಂದೇ ಕಾರ್ಖಾನೆಯ ಎರಡು ಬಂದೂಕುಗಳಿಗೆ ಒಂದೇ ಗುಂಡು ಹೊಂದಬೇಕೆಂದಿಲ್ಲದ ಕಾರಣ, ಹಲವು ಬಗೆಯ ಡಬ್ಬಿಗಳನ್ನು ತಂದು ನೋಡುವುದೊಂದೇ ದಾರಿ. ಲಂಗ ಚಪ್ಪಟೆಯಾದ ಒಂದು ಗುಂಡು ಸಾಕು, ಒಳ್ಳೆಯ ಗುಂಪೊಂದು ಕೆಡಲು.

ದೂರದ ಲೆಕ್ಕವೂ ಹೀಗೆಯೇ ಕಟುವಾದದ್ದು. ಸ್ಪರ್ಧೆಯ ಏರ್ ರೈಫಲ್ಲಿನ ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಹೊರಟರೆ, 10 ಮೀಟರ್ ಮುಟ್ಟುವಷ್ಟರಲ್ಲಿ ನಳಿಗೆಯ ನೇರದಿಂದ ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಕೆಳಗಿಳಿದಿರುತ್ತದೆ. 30 ಮೀಟರಿಗೆ ಹೋದರೆ ಆ ಇಳಿತ ಹೆಚ್ಚುಕಡಿಮೆ ಒಂದು ಗೇಣಿನಷ್ಟಾಗುತ್ತದೆ. ತ್ರಾಸಿಯಂಥ ಊರಿನಲ್ಲಿ ಹೊತ್ತೇರುತ್ತಿದ್ದಂತೆ ಕಡಲ ಕಡೆಯಿಂದ ಬೀಸತೊಡಗುವ ಪಡುಗಾಳಿ ಅಷ್ಟು ಹಗುರವಾದ ಗುಂಡನ್ನು ಪಕ್ಕಕ್ಕೂ ತಳ್ಳುತ್ತದೆ. ತೆಂಗಿನ ಗರಿಯ ಮೇಲೆ ಕುಳಿತ ಹಕ್ಕಿಯ ದೂರವನ್ನು ಕೆಳಗಿನಿಂದ ಕಣ್ಣಳತೆಯಲ್ಲಿ ಹಿಡಿಯುವುದಂತೂ ಇನ್ನೂ ಕಷ್ಟ. ಸಣ್ಣ ಬೇಟೆಗೆ ಏರ್‌ಗನ್ ತಕ್ಕದ್ದೆಂದು ಬಗೆದವರ ಕೈಯಲ್ಲಿ ಸತ್ತದ್ದಕ್ಕಿಂತ ಗಾಯಗೊಂಡು ಹಾರಿಹೋದ ಪ್ರಾಣಿಗಳೇ ಹೆಚ್ಚಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಈಡು ಹರಡಿ ಕೊಲ್ಲುತ್ತಿತ್ತು. ಒಂಟಿ ಗುಂಡಿಗೆ ಕೊಲ್ಲಲು ಅಂಗುಲದಷ್ಟು ಜಾಗವೂ ಸಿಗುವುದಿಲ್ಲ. ಊರಿನ ಬಹುಮಂದಿಗಂತೂ ಏರ್‌ಗನ್ನಿನ ಪರಿಚಯವಾದದ್ದು ತೋಟದಲ್ಲಿಯೂ ಅಲ್ಲ, ಕೋಟೇಶ್ವರದ ಕೊಡಿಹಬ್ಬದಂಥ ಜಾತ್ರೆಗಳ ಬಲೂನಿನ ಅಂಗಡಿಯಲ್ಲಿ. ಅಲ್ಲಿ ಮೂರ್ನಾಲ್ಕು ಮಾರು ದೂರದ ಹಲಗೆಗೆ ಒತ್ತೊತ್ತಾಗಿ ಕಟ್ಟಿದ ಬಲೂನುಗಳು ಸವೆದ ನಳಿಗೆಯ ತಪ್ಪುಗಳನ್ನೆಲ್ಲ ಕ್ಷಮಿಸುತ್ತವೆ.

ಏರ್ ರೈಫಲ್ ತನ್ನ ನಿಜವಾದ ಮನೆಯನ್ನು ಕಂಡದ್ದು 10 ಮೀಟರಿನ ಮುಚ್ಚಿದ ಅಂಕಣದಲ್ಲಿ. 1960ರ ದಶಕದಲ್ಲಿ ಜರ್ಮನ್ ಕಾರ್ಖಾನೆಗಳು ಪಿಸ್ಟನ್ನಿನ ಜಿಗಿತವನ್ನು ಅಳಿಸುವ ಉಪಾಯಗಳನ್ನು ಕಂಡುಕೊಂಡವು. ಡಯಾನಾದವರು ಒಂದರ ಎದುರಿಗೆ ಒಂದು ಓಡುವ ಎರಡು ಪಿಸ್ಟನ್‌ಗಳನ್ನಿಟ್ಟರೆ, ಫೈನ್‌ವೆರ್ಕ್‌ಬಾವ್‌ನವರು ಹಾರುವ ಕ್ಷಣದಲ್ಲಿ ಇಡೀ ಯಂತ್ರ ಹಿಡಿಯ ಮೇಲೆ ಹಿಂದಕ್ಕೆ ಜಾರುವಂತೆ ಮಾಡಿದರು. ಬರಬರುತ್ತ ಸ್ಪ್ರಿಂಗನ್ನೇ ಬಿಟ್ಟು, ಗಿರಾರ್ಡೋನಿಯ ಹಳೆಯ ಉಪಾಯಕ್ಕೆ ಮರಳಿ, ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ ರೈಫಲ್‌ಗಳು ಬಂದವು. 1966ರ ವೀಸ್‌ಬಾಡೆನ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿಯೂ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿಯೂ 10 ಮೀಟರ್ ಏರ್ ರೈಫಲ್ ಸೇರ್ಪಡೆಯಾಯಿತು. ಈ ಸ್ಪರ್ಧೆಯ ಗುರಿಕಾಗದದ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರಿನದು, ಗುಂಡಿನ ಒಂಬತ್ತನೆಯ ಒಂದು ಪಾಲು. ದುರ್ಬೀನಿಗೆ ಅಲ್ಲಿ ಎಡೆಯಿಲ್ಲ, ಸಣ್ಣ ರಂಧ್ರದ ಮೂಲಕ ನೋಡಿಯೇ ಹೊಡೆಯಬೇಕು. ರೈಫಲ್ಲಿನ ತೂಕ 5.5 ಕಿಲೋ ಮೀರಬಾರದು. ಭಾರತದ ರಾಷ್ಟ್ರೀಯ ರೈಫಲ್ ಸಂಘ 1951ರಲ್ಲಿ ಹುಟ್ಟಿದ್ದು, ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಮೊದಲ ಅಧ್ಯಕ್ಷರಾಗಿದ್ದರು. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಇದೇ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನವನ್ನು ತಂದರು. 2012ರಲ್ಲಿ ಗಗನ್ ನಾರಂಗ್ ಕಂಚು ಗೆದ್ದರು. ಗಾಳಿ ಪಿಸ್ತೂಲಿನಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚನ್ನೂ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿಯನ್ನೂ ಪಡೆದರು. ಕೊಡಗಿನ ತೆಂಗಿನಕಾಯಿ ಪಂದ್ಯದ ಮದ್ದಿನ ವಾಸನೆ ಈ ಅಂಕಣಗಳಲ್ಲಿಲ್ಲ. ನಿಂತ ಮೈ, ಅಳತೆಯ ಉಸಿರು, ಒಂದು ಟಕ್ ಎಂಬ ಸದ್ದು, ಇಷ್ಟೇ ಇಲ್ಲಿನ ವ್ಯವಹಾರ.

ಇತ್ತ ಬೇಟೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಮದರಾಸಿನ 1882ರ ಅರಣ್ಯ ಕಾಯಿದೆ ಕಾದಿಟ್ಟ ಕಾಡುಗಳಲ್ಲಿ ಬೇಟೆಯನ್ನು ನಿಯಮಕ್ಕೆ ಒಳಪಡಿಸಿತ್ತು. 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ರಕ್ಷಣಾ ಕಾಯಿದೆ ಕೆಲವು ಜಾತಿಗಳಿಗೆ ಬೇಟೆ ನಿಷೇಧದ ಋತುವನ್ನು ಗೊತ್ತುಮಾಡಲು ಅವಕಾಶ ಕೊಟ್ಟಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮೊದಲು ಬಂದಾಗ ಅದರಲ್ಲಿ ದೊಡ್ಡ ಬೇಟೆಗೆ, ಸಣ್ಣ ಬೇಟೆಗೆ ಬೇರೆ ಬೇರೆ ಲೈಸೆನ್ಸುಗಳಿದ್ದವೆಂಬುದನ್ನು ಈಗ ಬಹಳ ಜನ ಮರೆತಿದ್ದಾರೆ. 1974ರಲ್ಲಿ ಕೊಲ್ಲೂರಿನ ಸುತ್ತಲ ಕಾಡು ಮೂಕಾಂಬಿಕಾ ಅಭಯಾರಣ್ಯವಾಯಿತು. ಅದೇ ವರ್ಷ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಒಡೆಯರಾಗಿ, ಧಣಿಗಳ ಮನೆಯ ಕೋವಿಗೆ ಹಿಂದೆ ಇದ್ದ ಊರ ಕಾವಲಿನ ಪಾತ್ರವೂ ಸಡಿಲವಾಯಿತು. 1991ರ ತಿದ್ದುಪಡಿ ಬೇಟೆಯ ಲೈಸೆನ್ಸುಗಳನ್ನೆಲ್ಲ ರದ್ದು ಮಾಡಿತು. ಬೆಳೆಗೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಲು ವನ್ಯಜೀವಿ ಅಧಿಕಾರಿಯ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಯ ಕೋವಿ ಮನೆಯಲ್ಲಿದೆ ಎಂಬುದಷ್ಟೇ ಹಂದಿಗೆ ಗುಂಡು ಹೊಡೆಯುವ ಹಕ್ಕನ್ನು ಕೊಡುವುದಿಲ್ಲ. ಈ ಕೋವಿಗಳು ಇಂದು ಹೆಚ್ಚಾಗಿ ಸದ್ದು ಮಾಡಿ ಹೆದರಿಸುವುದಕ್ಕೆ ಉಳಿದಿವೆ. ಪ್ರತಿ ಚುನಾವಣೆಯ ಹೊತ್ತಿಗೆ ಅವನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆದು, ತೋಟಕ್ಕೆ ಮಂಗ ನುಗ್ಗುವ ಹೊತ್ತಿನಲ್ಲಿ ಬರಿಗೈಯಲ್ಲಿ ನಿಲ್ಲಬೇಕೆಂಬುದು ಕರಾವಳಿಯ ಕೃಷಿಕರ ಹಳೆಯ ದೂರು. ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು.

ಏರ್‌ಗನ್ನಿನ ಮಟ್ಟಿಗೆ ಕಾನೂನು ಸ್ಪಷ್ಟವಾದದ್ದು 2016ರ ಆಯುಧ ನಿಯಮಗಳಿಂದ. 4.5 ಮಿಲಿಮೀಟರ್ ಅಥವಾ .177 ಅಂಗುಲ ಮೀರದ ನಳಿಗೆ, 20 ಜೌಲ್ ಮೀರದ ಬಲ ಎಂಬುದು ಲೈಸೆನ್ಸಿಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿನ ಮಿತಿ. ಜೌಲ್ ಎಂದರೆ ಶಕ್ತಿಯ ಅಳತೆ. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ 280 ಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಹೊರಟರೆ 20 ಜೌಲ್ ಆಗುತ್ತದೆ. ಒಲಿಂಪಿಕ್ಸಿನ ರೈಫಲ್ ಇದರ ಅರ್ಧಕ್ಕೂ ಕಡಿಮೆ, ಸುಮಾರು ಏಳೂವರೆ ಜೌಲಿನಲ್ಲಿ, ಕೆಲಸ ಮುಗಿಸುತ್ತದೆ. ಅಂದರೆ ಗುರಿಗೆ ಬೇಕಾದ ಬಲಕ್ಕೂ ಕಾನೂನು ಬಿಟ್ಟುಕೊಟ್ಟ ಬಲಕ್ಕೂ ನಡುವೆ ಇರುವ ಅಂತರವೇ ಹಕ್ಕಿಗಳ ಪಾಲಿಗೆ ಬಂದ ಕೇಡು. ಅರುಣಾಚಲ ಪ್ರದೇಶದಲ್ಲಿ ಈ ಕೇಡು ಎಷ್ಟು ಬೆಳೆದಿತ್ತೆಂದರೆ, 2021ರಲ್ಲಿ ಅಲ್ಲಿನ ಸರಕಾರ ಜನರು ತಾವಾಗಿಯೇ ಏರ್‌ಗನ್‌ಗಳನ್ನು ತಂದೊಪ್ಪಿಸುವ ಆಂದೋಲನವನ್ನೇ ಆರಂಭಿಸಿತು. ಕರ್ನಾಟಕದಲ್ಲಿ ಅಂಥದ್ದು ನಡೆಯಲಿಲ್ಲ.

ಬೇಟೆಯ ಲೈಸೆನ್ಸುಗಳೆಲ್ಲ ರದ್ದಾಗಿದ್ದರೂ 1972ರ ವನ್ಯಜೀವಿ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಪೀಡೆಗಳೆಂದು ಪಟ್ಟಿಮಾಡಿದ್ದ ಕಾಗೆ, ಹಣ್ಣುಬಾವಲಿ, ಇಲಿ, ಹೆಗ್ಗಣಗಳು ಮಾತ್ರ ಕಾನೂನಿನ ರಕ್ಷಣೆಯ ಹೊರಗುಳಿದಿದ್ದುವು. ಗೇರುಹಣ್ಣಿಗೂ ಚಿಕ್ಕುವಿಗೂ ಬರುವ ಬಾವಲಿಯ ಮೇಲೆ ಏರ್‌ಗನ್ ಹಿಡಿದವನಿಗೆ ಇದರಿಂದ ಹೇಳಿಕೊಳ್ಳಲು ಒಂದು ನೆಪವಿತ್ತು. 2022ರ ತಿದ್ದುಪಡಿ ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ ಆ ಪಟ್ಟಿಯನ್ನೇ ತೆಗೆದುಹಾಕಿತು; 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿದ್ದು, ಕೇಂದ್ರ ಸರಕಾರ ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಅಧಿಸೂಚನೆ ಹೊರಡಿಸಿದ ಹೊರತು ಯಾವ ಕಾಡುಪ್ರಾಣಿಯೂ ಈಗ ಪೀಡೆಯಲ್ಲ.